‘ಎಂತದೂ ಕೊಡ್ಲಿಲ್ಲ ಡಾಕ್ಟ್ರೇ’

ಸಾಗರದಲ್ಲಿ ಕ್ಲಿನಿಕ್ ತೆರೆದ ಎರಡನೇ ವರ್ಷ. ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ತಾಯಿ-ಮಗಳು ಹಳೇ ಟವೆಲ್ಲಿನಲ್ಲಿ ಬೆಕ್ಕೊಂದನ್ನು ಸುತ್ತಿಕೊಂಡು ಬಂದರು. ಮುಖ ಊದಿತ್ತು, ಮುಂಗಾಲಿನ ಪಾದಗಳೂ ಊದಿದ್ದವು. ಉಸಿರು ಬಿರುಸಾಗಿತ್ತು. ತುಟಿ ಎತ್ತಿ ನೋಡಿದರೆ ಗುಲಾಬಿ ಇರಬೇಕಾದ ಒಸಡು ಕೆಸರಿನ ಬಣ್ಣಕ್ಕೆ ತಿರುಗಿತ್ತು.

‘ಎಂತ ಕೊಟ್ರಿ ಇದಕ್ಕೆ?’ ಅಂತ ಕೇಳಿದೆ. ಕೇಳಿದ್ದು ಡಾಕ್ಟರೇ ಆದರೂ ದನಿ ಪೊಲೀಸಿನವರದ್ದು.

‘ಎಂತದೂ ಕೊಡ್ಲಿಲ್ಲ ಡಾಕ್ಟ್ರೇ.’

ನಂಬಿದೆ. ಊತ ನೋಡಿ ಹಾವು ಕಚ್ಚಿರಬೇಕು ಅಂದುಕೊಂಡೆ. ಮಲೆನಾಡಲ್ಲಿ ಅದು ಮೊದಲು ಬರುವ ಯೋಚನೆ. ಕೂದಲು ಸರಿಸಿ ಹಲ್ಲಿನ ಗುರುತು ಹುಡುಕುತ್ತ ಒಂದು ಗಂಟೆ ಕಳೆದೆ. ಕೊನೆಗೆ ರಕ್ತ ತೆಗೆದಾಗ ಸೂಜಿಯ ತುದಿಯಿಂದ ಒಂದು ಹನಿ ಹತ್ತಿಯ ಮೇಲೆ ಬಿತ್ತು. ಕೆಂಪಲ್ಲ, ಡಿಕಾಕ್ಷನ್ ಬಣ್ಣ. ಆಗ ಗೊತ್ತಾಯಿತು. ಹೊರಗೆ ಹೋಗಿ ಮಗಳೊಬ್ಬಳನ್ನೇ ಕೇಳಿದೆ. ‘ಮೈ ಬಿಸಿ ಇತ್ತು ಅಂತ ಅಮ್ಮ ಬೆಳಿಗ್ಗೆ ಹಾಲಲ್ಲಿ ಅರ್ಧ ಪ್ಯಾರಾಸಿಟಮಾಲ್ ಹಾಕಿದ್ರು’ ಅಂದಳು.

ನಮಗೆ ಜ್ವರ ಇಳಿಸುವ ಮಾತ್ರೆಯನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲವೇ ಇಲ್ಲ ಅನ್ನಬಹುದು. ರಕ್ತ ಆಮ್ಲಜನಕ ಹೊರುವುದನ್ನು ನಿಲ್ಲಿಸುತ್ತದೆ. ಇದಕ್ಕೆ ಮದ್ದು ಉಂಟು, ಅಸಿಟೈಲ್‌ಸಿಸ್ಟೀನ್. ಕಫ ಕರಗಿಸಲು ನೀರಿಗೆ ಹಾಕಿ ಕುಡಿಯುವ ನೊರೆಮಾತ್ರೆಯಾಗಿ ಎದುರಿನ ಮೆಡಿಕಲ್ ಶಾಪಿನಲ್ಲೇ ಇತ್ತು. ರಸ್ತೆ ದಾಟಿದರೆ ಸಿಗುತ್ತಿದ್ದ ಔಷಧಿ ಒಂದು ಗಂಟೆ ತಡವಾಗಿ ಸಿಕ್ಕಿತು. ಸಂಜೆ ಬೆಕ್ಕು ಸತ್ತಿತು. ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. ಕಾಯುತ್ತಿದ್ದ ನಾಲ್ಕು ಜನರ ಎದುರು ಆ ತಾಯಿಗೆ ‘ನೀವೇ ಕೊಂದ್ರಿ’ ಅನ್ನುವ ಅರ್ಥದ ಮಾತು ಆಡಿದೆ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಐದೂವರೆ ವರ್ಷ ಓದಿದ್ದೇನೆ. ರೋಗಿ ಮಾತಾಡುವುದಿಲ್ಲ, ಹಾಗಾಗಿ ಹಿಸ್ಟರಿ, ಅಂದರೆ ಏನೇನಾಯಿತು ಅನ್ನುವ ಮಾಲೀಕರ ವಿವರವೇ ಮುಖ್ಯ ಅಂತ ಎಲ್ಲ ಮೇಷ್ಟ್ರೂ ಹೇಳಿದ್ದರು. ಮಾತಾಡಬಲ್ಲ ಮಾಲೀಕರು ಯಾಕೆ ಮಾತಾಡುವುದಿಲ್ಲ ಅನ್ನುವುದನ್ನು ಮಾತ್ರ ನಾನೇ ಕಲಿಯಬೇಕಾಯಿತು. ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ, ಅಷ್ಟೇ.

ಈಗ ಕೇಳುವ ರೀತಿ ಬೇರೆ. ‘ಎಂತ ಕೊಟ್ರಿ’ ಅನ್ನುವುದಿಲ್ಲ. ‘ಮನೇಲಿ ಇದ್ದ ಮಾತ್ರೆ ಎಲ್ಲರೂ ಒಂದು ಸಲ ಕೊಟ್ಟೇ ನೋಡ್ತಾರೆ. ನೀವು ಅರ್ಧ ಕೊಟ್ರೋ, ಪೂರ್ತಿ ಕೊಟ್ರೋ?’ ಅನ್ನುತ್ತೇನೆ. ಮುಖ ನೋಡದೆ, ನಾಯಿಯ ಬೆನ್ನು ಸವರುತ್ತ ಕೇಳುತ್ತೇನೆ. ಹತ್ತರಲ್ಲಿ ಆರೇಳು ಜನ ‘ಅರ್ಧ’ ಅನ್ನುತ್ತಾರೆ! ಕುಂಟುವ ನಾಯಿಗೆ ಮೊಣಕಾಲು ನೋವಿನ ಡೈಕ್ಲೋಫೆನಾಕ್ ಕೊಟ್ಟು, ಅದು ರಕ್ತ ವಾಂತಿ ಮಾಡಿದ ಮೇಲೆ ಕರೆತಂದವರು ಎಷ್ಟು ಮಂದಿಯೋ. ಖಾಲಿ ಸ್ಟ್ರಿಪ್ಪಿನ ಫೋಟೋ ವಾಟ್ಸಾಪಿಗೆ ಹಾಕಿಸಿಕೊಳ್ಳುತ್ತೇನೆ. ಮಕ್ಕಳು ಜೊತೆಗೆ ಬಂದಿದ್ದರೆ ಅವರನ್ನು ಹೊರಗೆ ಕಳಿಸುವುದಿಲ್ಲ. ಅವರಿಗೆ ಸುಳ್ಳು ಇನ್ನೂ ಸರಿಯಾಗಿ ಬರುವುದಿಲ್ಲ.

ತೋಟದವರನ್ನು ಕೇಳುವುದು ಇನ್ನೂ ನಾಜೂಕು. ಮಳೆಗಾಲದಲ್ಲಿ ನಾಯಿ ಮೈಯೆಲ್ಲ ಅದುರುತ್ತ, ಕಾದ ಹೆಂಚಿನಂತೆ ಬಿಸಿಯಾಗಿ ಬಂದರೆ ‘ಬಸವನಹುಳ ಈ ಸಲ ಜಾಸ್ತಿಯಾ?’ ಅಂತ ಶುರುಮಾಡುತ್ತೇನೆ. ಅಡಿಕೆ ತೋಟಕ್ಕೆ ಹುಳಕ್ಕೆಂದು ಹಾಕುವ ಮೆಟಾಲ್ಡಿಹೈಡ್ ಅನ್ನುವ ವಿಷದ ಕಾಳನ್ನು ನಾಯಿಗಳು ಇಷ್ಟಪಟ್ಟು ತಿನ್ನುತ್ತವೆ. ಪಕ್ಕದ ತೋಟದವರ ಮೇಲೆ ಅನುಮಾನವಿದ್ದರೆ ಅದರ ಪಂಚಾಯ್ತಿಕೆಗೆ ನಾನು ಕೂರುವುದಿಲ್ಲ.

ದುಡ್ಡಿನ ವಿಷಯದಲ್ಲೂ ಮುಚ್ಚುಮರೆ ಇದೇ. ಮೂರು ತಿಂಗಳ ನಾಯಿಮರಿ ಪಾರ್ವೊ ಅನ್ನುವ ವೈರಸ್ ಕಾಯಿಲೆ ಬಂದು ರಕ್ತಭೇದಿ ಮಾಡುತ್ತಿರುತ್ತದೆ, ನಾಲ್ಕೈದು ದಿನ ಡ್ರಿಪ್ ಬೇಕು. ಎಲ್ಲದಕ್ಕೂ ತಲೆಯಾಡಿಸಿ, ‘ನಾಳೆ ಬರ್ತೀವಿ’ ಅಂತ ಹೋದವರು ಬರುವುದೇ ಇಲ್ಲ. ‘ನಾಳೆ ಬರ್ತೀವಿ’ ಅಂದರೆ ‘ಕಾಸಿಲ್ಲ’ ಅಂತ ಅರ್ಥವಾಗಲು ನನಗೆ ಬಹಳ ದಿನ ಹಿಡಿಯಿತು. ಈಗ ಮೊದಲ ಸೂಜಿ ಚುಚ್ಚುವ ಮುಂಚೆಯೇ ಚೀಟಿಯಲ್ಲಿ ಪೂರ್ತಿ ಖರ್ಚು ಬರೆದು, ಅದರ ಕೆಳಗೇ ಕಡಿಮೆ ಖರ್ಚಿನ ದಾರಿಯನ್ನೂ ಬರೆದುಕೊಡುತ್ತೇನೆ. ಎರಡನೆಯದರಲ್ಲಿ ಬದುಕುವ ಸಾಧ್ಯತೆ ಕಡಿಮೆ ಅನ್ನುವುದನ್ನೂ ಹೇಳುತ್ತೇನೆ. ಮರಿ ಉಳಿಯದಿದ್ದರೆ ಅದೇ ಅಂಗಳಕ್ಕೆ ಬೇಗ ಇನ್ನೊಂದು ತರಬೇಡಿ ಅನ್ನುತ್ತೇನೆ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಫಿನೈಲಿಗೆ ಜಗ್ಗುವುದಿಲ್ಲ, ನೆಲಕ್ಕೆ ಬ್ಲೀಚಿಂಗ್ ನೀರೇ ಬೇಕು. ಅಡಿಕೆ ಮಾರಿದ ಮೇಲೆ ಕೊಡುತ್ತೇನೆ ಅಂದವರಿಗೆ ಒಂದು ಪುಸ್ತಕ ಇಟ್ಟಿದ್ದೇನೆ. ಹೆಚ್ಚಿನವರು ಕೊಟ್ಟಿದ್ದಾರೆ.

ಮಾಲೀಕರಿಂದ ನಿಜ ಬಯಸುವ ನಾನು ಎಷ್ಟು ನಿಜ? ಒಂದು ಜುಲೈನಲ್ಲಿ ಮರ ಬಿದ್ದು ಎರಡು ದಿನ ಕರೆಂಟಿರಲಿಲ್ಲ. ಲಸಿಕೆಯ ಫ್ರಿಜ್ಜು 2ರಿಂದ 8 ಡಿಗ್ರಿಯೊಳಗೆ ಇರಬೇಕು. ಥರ್ಮಾಮೀಟರು 19 ತೋರಿಸುತ್ತಿತ್ತು. ಕೆಟ್ಟ ಲಸಿಕೆಗೂ ಒಳ್ಳೆಯದಕ್ಕೂ ನೋಡಲು ವ್ಯತ್ಯಾಸವಿಲ್ಲ. ಚುಚ್ಚಿ, ಪುಸ್ತಕಕ್ಕೆ ಸ್ಟಿಕ್ಕರ್ ಅಂಟಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೂರ್ತಿ ದಾಸ್ತಾನು ಎಸೆದೆ. ಹೊಟ್ಟೆ ಉರಿಯಿತು, ಸುಳ್ಳೇಕೆ? ಮರುವಾರ ಫ್ರಿಜ್ಜಿಗೆಂದೇ ಇನ್ವರ್ಟರ್ ಹಾಕಿಸಿದೆ.

ಇನ್ನೊಂದು ಅಭ್ಯಾಸ, ಐದನೇ ದಿನದ ಫೋನು. ಉಣುಗಿನಿಂದ ಬರುವ ಜ್ವರಕ್ಕೆ ಡಾಕ್ಸಿಸೈಕ್ಲಿನ್ 28 ದಿನ ಕೊಡಬೇಕು. ನಾಲ್ಕನೇ ದಿನಕ್ಕೆ ನಾಯಿ ಅನ್ನ ತಿನ್ನುತ್ತದೆ, ಐದನೇ ದಿನ ಮಾತ್ರೆ ನಿಲ್ಲುತ್ತದೆ. ಸರಿಯಾಗಿ ಅವತ್ತೇ ಫೋನ್ ಮಾಡುತ್ತೇನೆ. ನಮ್ಮ ಕಡೆ ಉಣುಗು ಅಂದರೆ ಜನಕ್ಕೆ ಇನ್ನೊಂದು ಭಯ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಪಕ್ಕದ ಸೊರಬ ತಾಲ್ಲೂಕಿನದು. ಅದನ್ನು ಹರಡುವುದು ಮುಖ್ಯವಾಗಿ ಕಾಡಿನ ಉಣುಗು, ನಿಮ್ಮ ನಾಯಿಯ ಕಿವಿಯಲ್ಲಿ ಸಾಮಾನ್ಯವಾಗಿ ಇರುವುದು ಬೇರೆ ಜಾತಿ ಅಂತ ವಿವರಿಸಲು ಐದು ನಿಮಿಷ ಬೇಕು. ಆ ಐದು ನಿಮಿಷ ಕೊಡದಿದ್ದಾಗ ನಾಯಿಯನ್ನೇ ಬಿಟ್ಟು ಬಂದವರಿದ್ದಾರೆ.

ಎಕ್ಸ್‌ರೇ ನನ್ನಲ್ಲಿಲ್ಲ. ಮೂಳೆ ಮುರಿದಿದ್ದರೆ 70 ಕಿ.ಮೀ. ದೂರದ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕಳಿಸುತ್ತೇನೆ. ಕಳಿಸಿದರೆ ಗಿರಾಕಿ ಹೋಗುತ್ತಾರೆ ಅಂತ ಮೊದಲು ಹೆದರುತ್ತಿದ್ದೆ. ಹೋದವರು ವಾಪಸು ಬಂದು ಅಲ್ಲಿನ ಫಿಲ್ಮನ್ನು ನನ್ನ ಮೇಜಿನ ಮೇಲೇ ಹರಡುತ್ತಾರೆ.

ಖುಷಿಯ ಕೇಸುಗಳೂ ಇವೆ. ಹಳ್ಳದ ನೀರು ಕುಡಿದ ನಾಯಿಯ ಒಂದೇ ಹೊಳ್ಳೆಯಿಂದ ವಾರಗಟ್ಟಲೆ ರಕ್ತ ಜಿನುಗುತ್ತಿದ್ದರೆ ಒಳಗೆ ಜಿಗಣೆ ಇರಬಹುದು. ಅರ್ಧ ದಿನ ನೀರು ಕೊಡದೆ, ಆಮೇಲೆ ತಣ್ಣೀರಿನ ಬಟ್ಟಲನ್ನು ಮೂಗಿನ ಕೆಳಗೆ ಹಿಡಿದು ಸದ್ದಿಲ್ಲದೆ ಕಾಯಬೇಕು. ಕರೀ ತುದಿಯೊಂದು ಇಣುಕುತ್ತದೆ, ಒಳಸರಿಯುತ್ತದೆ, ಮತ್ತೆ ಇಣುಕುತ್ತದೆ. ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಎಳೆದಾಗ ಸುತ್ತ ನಿಂತವರೆಲ್ಲ ಹೋ ಅನ್ನುತ್ತಾರೆ.

ಆ ಮಗಳು ಈ ವರ್ಷ ಬಂದಿದ್ದಳು, ಬುಟ್ಟಿಯಲ್ಲಿ ಎರಡು ತಿಂಗಳ ಹೊಸ ಬೆಕ್ಕಿನ ಮರಿ. ಮೊದಲ ಲಸಿಕೆ ಹಾಕಿದೆ. ನಾಲ್ಕು ವಾರ ಬಿಟ್ಟು ಇನ್ನೊಂದು, ರೇಬಿಸ್‌ನದು ಮೂರು ತಿಂಗಳಿಗೆ ಅಂತ ಬರೆದುಕೊಟ್ಟೆ. ‘ಅಮ್ಮ ಬರಲಿಲ್ವಾ?’ ಅಂದೆ. ‘ಆಟೋದಲ್ಲೇ ಕೂತಿದಾರೆ’ ಅಂದಳು. ಹೊರಗೆ ಹೋಗಿ ಮಾತಾಡಿಸಿದೆ. ಮಳೆಯ ಬಗ್ಗೆ, ಮರಿಯ ಕಣ್ಣಿನ ಬಣ್ಣದ ಬಗ್ಗೆ ಮಾತಾಡಿದೆವು. ಮಾತ್ರೆಯ ವಿಷಯ ಇಬ್ಬರೂ ಎತ್ತಲಿಲ್ಲ.