ಕಡ್ಡಿ ಬದಲಿಸುವ ಮೊದಲು ಬುಡ ಕೆರೆಯಿರಿ: ಲಾರಿ ರೇಡಿಯೊ ಸರಿಮಾಡುವ ಬಗೆ

ಹೋದ ಮಳೆಗಾಲದಲ್ಲಿ ಒಬ್ಬ ಟಿಪ್ಪರ್ ಡ್ರೈವರ್ ನನ್ನ ಅಂಗಡಿಗೆ ಬಂದ. ಕೈಯಲ್ಲಿ ಹೊಸ ಆಂಟೆನಾ. ‘ಅಣ್ಣಾ, ಇದು ಮೂರನೇದು. ಇದನ್ನಾದ್ರೂ ಸರಿಯಾಗಿ ಹಾಕ್ಕೊಡಿ’ ಎಂದ. ಹಳೆಯ ಎರಡು ಕಡ್ಡಿಗಳೂ ಸೀಟಿನ ಹಿಂದೆ ಬಿದ್ದಿದ್ದವು. ಎರಡಕ್ಕೂ ಏನೂ ಆಗಿರಲಿಲ್ಲ. ಅವುಗಳಲ್ಲೇ ಒಂದನ್ನು ತೆಗೆದುಕೊಂಡೆ. ಅದು ಕೂರುವ ಜಾಗದ ಬಣ್ಣ ಕೆರೆದು, ಮತ್ತೆ ಬಿಗಿದೆ. ಹಾಸನ ಆಕಾಶವಾಣಿಯ 102.2 ಗಂಟೆ ಹೊಡೆದ ಹಾಗೆ ಕೇಳಿತು. ಹೊಸ ಕಡ್ಡಿಯನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲವಂತೆ. ಅದು ಬೇರೆ ಕಥೆ.

ಇಂಥದ್ದನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ರೇಡಿಯೊ ಗರಗರ ಅಂದ ಕೂಡಲೇ ಜನ ಕಣ್ಣಿಗೆ ಕಾಣುವ ಕಡ್ಡಿಯನ್ನು ಬೈಯುತ್ತಾರೆ. ಕಡ್ಡಿ ಪಾಪ, ಅದರಲ್ಲಿ ಕೆಡುವುದಕ್ಕೆ ಏನಿದೆ? ಕೆಡುವುದು ಬುಡ. ಈ ಕೆಲಸಕ್ಕೆ ಮೆಕ್ಯಾನಿಕ್ ಬೇಕಿಲ್ಲ. ಒಂದು ಅಗ್ಗದ ಮಲ್ಟಿಮೀಟರ್, ಎಮರಿ ಪೇಪರ್, ಸ್ಪ್ಯಾನರ್, ಒಂದು ಮೀಟರ್ ವೈರ್ ಇದ್ದರೆ ಸಾಕು.

ಹಂತ 1: ಸೆಟ್ಟಿನ ಸೆಟ್ಟಿಂಗ್ ನೋಡಿ

ಮೊದಲು ಸೆಟ್ಟಿನ ಮೇಲೆ ‘ಎಲ್‌ಒಸಿ’ ಅಥವಾ ‘ಲೋಕಲ್’ ಎಂಬ ಗುರುತು ಬೆಳಗುತ್ತಿದೆಯಾ ನೋಡಿ. ಅದು ಆನ್ ಆಗಿದ್ದರೆ ಹುಡುಕುವಾಗ ಸೆಟ್ ಜೋರಾದ ಸ್ಟೇಷನ್‌ಗಳಲ್ಲಿ ಮಾತ್ರ ನಿಲ್ಲುತ್ತದೆ. ಸೀಟು ಒರೆಸುವಾಗ ಕ್ಲೀನರ್ ಹುಡುಗ ಕೈ ತಾಗಿಸಿರುತ್ತಾನೆ, ಆಂಟೆನಾಕ್ಕೆ ಕೆಟ್ಟ ಹೆಸರು ಬರುತ್ತದೆ.

ಇನ್ನೊಂದು ಕಳ್ಳ ಇದ್ದಾನೆ. ‘ಬೆಂಗಳೂರಲ್ಲಿ ಚೆನ್ನಾಗಿ ಬರುತ್ತೆ, ಹಾಸನಕ್ಕೋ ಮೈಸೂರಿಗೋ ಹೋದರೆ ಏನೂ ಇಲ್ಲ’ ಅನ್ನುವವರ ಸೆಟ್ ಹಲವು ಸಲ ಅಮೆರಿಕದ ಸೆಟ್ಟಿಂಗ್‌ನಲ್ಲಿ ಇರುತ್ತದೆ. ಅಲ್ಲಿ ಎಫ್‌ಎಂ ಅಂಕೆ 0.2ರ ಹೆಜ್ಜೆಯಲ್ಲಿ ಏರುತ್ತದೆ. ಕೊನೆಯ ಅಂಕೆ ಯಾವಾಗಲೂ ಬೆಸವೇ. ಬೆಂಗಳೂರಿನ 101.3, 102.9 ಸಿಗುತ್ತವೆ. ಮೈಸೂರಿನ 100.6, ಹಾಸನದ 102.2 ಸೆಟ್ಟಿಗೆ ಗೊತ್ತೇ ಇಲ್ಲ, ಹಾರಿ ಮುಂದೆ ಹೋಗುತ್ತದೆ. ಎಎಂನಲ್ಲೂ ಇದೇ ಗೋಳು. ನಮ್ಮಲ್ಲಿ ಹೆಜ್ಜೆ 9 ಕಿಲೋಹರ್ಟ್ಸ್, ಅಮೆರಿಕದಲ್ಲಿ 10. ಬೆಂಗಳೂರಿನ 612 ಬೇಕೆಂದರೆ ಸೆಟ್ 610 ತೋರಿಸುತ್ತದೆ. ಮೆನುವಿನಲ್ಲಿ ‘ಏರಿಯಾ’ ಅಥವಾ ‘ರೀಜನ್’ ಹುಡುಕಿ, ಏಷ್ಯಾ ಇಲ್ಲವೇ ಯುರೋಪ್ ಆರಿಸಿ. ದುಡ್ಡು ಖರ್ಚಿಲ್ಲದೆ ರಿಪೇರಿ ಮುಗಿಯಿತು.

ಸೆಕೆಂಡ್ ಹ್ಯಾಂಡ್ ಜಪಾನಿ ಸೆಟ್ ಅಗ್ಗಕ್ಕೆ ಸಿಕ್ಕಿತು ಅಂತ ತಂದವರಿಗೆ ಒಂದು ಮಾತು. ಹಳೆಯ ಜಪಾನಿ ಸೆಟ್ಟಿನ ಎಫ್‌ಎಂ 76ರಿಂದ 90ರವರೆಗೆ ಮಾತ್ರ. ನಮ್ಮ ಸ್ಟೇಷನ್‌ಗಳಲ್ಲಿ ಹೆಚ್ಚಿನವು ಅದರ ಮೇಲಿವೆ. ಅದಕ್ಕೆ ಯಾವ ಆಂಟೆನಾ ಹಾಕಿದರೂ ಅಷ್ಟೆ. ಪೆನ್‌ಡ್ರೈವ್ ಹಾಕಿ ಹಾಡು ಕೇಳಿ.

ಹಂತ 2: ವೈರ್ ಪರೀಕ್ಷೆ

ಸೆಟ್ಟನ್ನು ಹೊರಗೆ ಎಳೆದು ಹಿಂದಿನ ಆಂಟೆನಾ ಪ್ಲಗ್ ಕಿತ್ತುಹಾಕಿ. 75 ಸೆಂಟಿಮೀಟರ್ ಸಾದಾ ವೈರ್ ಕತ್ತರಿಸಿ, ತುದಿ ಸುಲಿದು, ಆ ಸಾಕೆಟ್ಟಿನ ನಡುವಿನ ತೂತಿಗೆ ಮಾತ್ರ ಸಿಕ್ಕಿಸಿ. ಸುತ್ತಲಿನ ಬಳೆಗೆ ತಾಗಬಾರದು. ಇನ್ನೊಂದು ತುದಿಯನ್ನು ಕಿಟಕಿಯಿಂದ ಹೊರಗೆ ಬಿಡಿ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್, ಅದರ ಕಾಲು ಭಾಗ 75 ಸೆಂಟಿಮೀಟರ್. ಲೆಕ್ಕ ಅಷ್ಟೇ.

ಬರೀ ವೈರಿಗೆ ಚೆನ್ನಾಗಿ ಕೇಳಿದರೆ ಸೆಟ್ ಸರಿಯಿದೆ, ತೊಂದರೆ ಆಂಟೆನಾ ಕಡೆಯದು. ಊರಿನ ಮಧ್ಯೆ ನಿಂತೂ ಏನೂ ಕೇಳದಿದ್ದರೆ ಸೆಟ್ಟೇ ಹೋಗಿದೆ. ಈ ಐದು ನಿಮಿಷದ ಕೆಲಸ ಮಾಡದೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಂತ 3: ಮೀಟರ್ ಹಿಡಿಯಿರಿ

ಮೀಟರನ್ನು ಓಮ್ ಗುರುತಿಗೆ, ಅಂದರೆ ಕರೆಂಟಿಗೆ ಇರುವ ತಡೆ ಅಳೆಯುವುದಕ್ಕೆ, ತಿರುಗಿಸಿ. ಮೂರೇ ಅಳತೆ. ಪ್ಲಗ್ಗಿನ ನಡು ಪಿನ್ನಿನಿಂದ ಕಡ್ಡಿಯ ತುದಿಗೆ: ಹೆಚ್ಚುಕಡಿಮೆ ಸೊನ್ನೆ ಓಮ್ ಬರಬೇಕು. ನಡು ಪಿನ್ನಿನಿಂದ ಪ್ಲಗ್ಗಿನ ಹೊರ ಬಳೆಗೆ: ಸಂಪರ್ಕವೇ ತೋರಿಸಬಾರದು, ತೋರಿಸಿದರೆ ಕೇಬಲ್ ಒಳಗೆ ಶಾರ್ಟ್ ಆಗಿದೆ ಅಥವಾ ನೀರು ಕುಡಿದಿದೆ. ಹೊರ ಬಳೆಯಿಂದ ಕ್ಯಾಬಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ: ಒಂದು ಓಮ್‌ಗಿಂತ ಕಡಿಮೆ. ಅಳೆಯುವಾಗ ಪ್ಲಗ್ ಸೆಟ್ಟಿನಿಂದ ಕಿತ್ತಿರಲಿ. ಇಲ್ಲದಿದ್ದರೆ ಸೆಟ್ಟಿನ ಅರ್ಥ್ (ಕ್ಯಾಬಿನ್ ಕಬ್ಬಿಣಕ್ಕೆ ಕೂಡಿಸಿದ ವೈರ್) ಮೂಲಕ ಮೀಟರ್ ಸುಳ್ಳು ಹೇಳುತ್ತದೆ. ಅಳೆಯುತ್ತಲೇ ಕಡ್ಡಿಯನ್ನು ಅಲ್ಲಾಡಿಸಿ. ನಿಂತಾಗ ಸರಿ, ಹಳ್ಳ ಹಾರಿದಾಗ ಗರಗರ ಅನ್ನುವ ಕೇಸುಗಳು ಹೀಗೆ ಸಿಕ್ಕಿಬೀಳುತ್ತವೆ. ಒಳಗೆ ಸಿಗ್ನಲ್ ಏರಿಸುವ ಬೂಸ್ಟರ್ ಇರುವ ಆಂಟೆನಾಕ್ಕೆ ಮೊದಲೆರಡು ಅಳತೆ ಹೊಂದುವುದಿಲ್ಲ. ಅದರ ಮಾತು ಆಮೇಲೆ.

ಹಂತ 4: ಬುಡ

ಇಲ್ಲಿ ಅವಸರ ಬೇಡ. ಕಡ್ಡಿ ಆಂಟೆನಾದ ಅರ್ಧ ಭಾಗ ಮಾತ್ರ. ಇನ್ನರ್ಧ ಕ್ಯಾಬಿನ್ನಿನ ತಗಡು. ಬುಡ ಆ ತಗಡಿಗೆ ಕಚ್ಚಿ ಹಿಡಿದಿರದಿದ್ದರೆ ಒಂದೇ ರೆಕ್ಕೆಯ ಹಕ್ಕಿ ಹಾರಿದ ಹಾಗೆ.

ಬುಡದ ನಟ್ ಬಿಚ್ಚಿ, ಆಂಟೆನಾ ಮೇಲಕ್ಕೆ ತೆಗೆಯಿರಿ. ಕೆಳಗೆ ಏನಿದೆ ನೋಡಿ. ನಮ್ಮ ಗಾಡಿಗಳಲ್ಲಿ ಬಣ್ಣದ ಕೆಳಗೆ ಬಣ್ಣ, ಅದರ ಕೆಳಗೆ ಪುಟ್ಟಿ, ಅದರ ಕೆಳಗೆ ತುಕ್ಕು. ಒಮ್ಮೆ ಗುದ್ದಿಸಿಕೊಂಡ ಲಾರಿಯಾದರೆ ಪುಟ್ಟಿಯೇ ದೋಸೆಯಷ್ಟು ದಪ್ಪ ಇರುತ್ತದೆ. ಇವುಗಳಲ್ಲಿ ಯಾವುದರಲ್ಲೂ ಕರೆಂಟ್ ಹರಿಯುವುದಿಲ್ಲ.

ಹೆಚ್ಚಿನ ಆಂಟೆನಾಗಳಲ್ಲಿ ಅರ್ಥ್ ಸಿಗುವುದು ತಗಡಿನ ಮೇಲಿನಿಂದ ಅಲ್ಲ, ಕೆಳಗಿನಿಂದ. ಒಳಗಿನ ಹಲ್ಲಿರುವ ಬಿಲ್ಲೆ ತಗಡಿನ ಒಳಮೈಯನ್ನು ಕಚ್ಚಬೇಕು. ಜನ ಮೇಲ್ಭಾಗವನ್ನು ಫಳಫಳ ಉಜ್ಜುತ್ತಾರೆ, ಒಳಮೈಯನ್ನು ಮುಟ್ಟುವುದೇ ಇಲ್ಲ. ಬೆರಳು ತೂರಿಸಿ, ಎಮರಿ ಪೇಪರ್ ಮಡಚಿ, ತೂತಿನ ಸುತ್ತ ಹತ್ತು ರೂಪಾಯಿ ನಾಣ್ಯದ ಅಗಲಕ್ಕೆ ಒಳಗಿನಿಂದ ಉಜ್ಜಿ. ಹೊಸ ಪಾತ್ರೆಯ ಹಾಗೆ ಬಿಳಿ ಕಬ್ಬಿಣ ಕಾಣಬೇಕು. ಕಂದು ಚುಕ್ಕೆ ಇದ್ದರೆ ಇನ್ನೂ ಉಜ್ಜಿ. ಆ ಹಲ್ಲಿನ ಬಿಲ್ಲೆಯನ್ನೂ ಉಜ್ಜಿ. ಹಲ್ಲು ಸವೆದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಸ್ಟಾರ್ ವಾಷರ್ ತಂದು ಸೇರಿಸಿ. ನಾಲ್ಕಾಣೆ ಕೆಲಸ, ಆದರೆ ಅರ್ಧ ರೋಗ ಅಲ್ಲೇ ಹೋಗುತ್ತದೆ.

ಇನ್ನು ಬಿಗಿಯಿರಿ. ಕಡ್ಡಿ ತಿರುಗಬಾರದು, ತಗಡು ಗುಳಿ ಬೀಳಲೂಬಾರದು. ಮತ್ತೆ ಮೀಟರ್ ಹಿಡಿದು ಮೂರನೇ ಅಳತೆ ನೋಡಿ. ಸರಿ ಬಂದ ಮೇಲೆ, ನೆನಪಿಡಿ, ಆಮೇಲೆ ಮಾತ್ರ ಒಳಮೈಗೆ ತೆಳುವಾಗಿ ವ್ಯಾಸಲೀನ್ ಸವರಿ. ಹೊರಗೆ ರಬ್ಬರ್ ಗ್ಯಾಸ್ಕೆಟ್ ಸರಿಯಾಗಿ ಕೂತಿರಲಿ. ಒಡೆದ ರಬ್ಬರನ್ನೇ ಮತ್ತೆ ಹಾಕಬೇಡಿ, ಹಳೆಯ ಟ್ಯೂಬಿನಿಂದ ಒಂದು ಉಂಗುರ ಕತ್ತರಿಸಿದರೂ ನಡೆಯುತ್ತದೆ.

ಮಳೆ ನೀರು ಇಳಿಯದಿರಲಿ ಅಂತ ಸಿಲಿಕೋನ್ ಮೆತ್ತುವವರು ಟ್ಯೂಬಿನ ವಾಸನೆ ನೋಡಿ. ವಿನೆಗರ್ ಥರ ಹುಳಿ ವಾಸನೆ ಬಂದರೆ ಬೇಡವೇ ಬೇಡ. ಒಣಗುವಾಗ ಬಿಡುವ ಆ ಹುಳಿ ತಾಮ್ರವನ್ನೂ ಕಬ್ಬಿಣವನ್ನೂ ತಿನ್ನುತ್ತದೆ. ‘ನ್ಯೂಟ್ರಲ್’ ಅಂತ ಬರೆದಿರುವುದನ್ನು ಕೇಳಿ ತನ್ನಿ.

ಬುಡ ಸರಿಯಾಯಿತು, ಆದರೂ ಮೀಟರ್ ಒಪ್ಪುತ್ತಿಲ್ಲ ಅಂದರೆ ಅರ್ಥ್ ಮುಂದೆಲ್ಲೋ ತಪ್ಪಿದೆ. ಬಾನೆಟ್ ಮೇಲೆ ಆಂಟೆನಾ ಇದ್ದರೆ ಕೀಲು ನಂಬಬೇಡಿ, ಅದರಲ್ಲಿ ಬಣ್ಣ ಮತ್ತು ಗ್ರೀಸ್ ತುಂಬಿರುತ್ತದೆ. ಬಾನೆಟ್ಟಿನಿಂದ ಕ್ಯಾಬಿನ್ ಕಬ್ಬಿಣಕ್ಕೆ ಒಂದು ಹೆಣೆದ ತಾಮ್ರದ ಪಟ್ಟಿ ಹಾಕಿ. ಮುಂದಕ್ಕೆ ಬಗ್ಗುವ ಕ್ಯಾಬಿನ್ ಆದರೆ ಇಡೀ ಕ್ಯಾಬಿನ್ ರಬ್ಬರ್ ಬುಷ್‌ಗಳ ಮೇಲೆ ಕೂತಿರುತ್ತದೆ. ಚಾಸಿಗೂ ಅದಕ್ಕೂ ಇರುವ ಸಂಬಂಧ ಅಂಥದೇ ಒಂದು ಪಟ್ಟಿ. ಅದು ಕಿತ್ತಿದ್ದರೆ ರೇಡಿಯೊ ಮಾತ್ರ ಅಲ್ಲ, ಹೆಡ್‌ಲೈಟೂ ಮಂಕಾಗಬಹುದು.

ಮರದ ಚೌಕಟ್ಟಿನ ಮೇಲೆ ತಗಡು ಹೊಡೆದು ಕಟ್ಟಿಸಿದ ಕ್ಯಾಬಿನ್ ಇನ್ನೂ ಬೇಕಾದಷ್ಟಿವೆ. ಅಲ್ಲಿ ಪ್ರತಿ ತಗಡೂ ಒಂಟಿ. ಕೆಲವು ಕಡೆ ತಲೆಯ ಮೇಲೆ ಪ್ಲೈವುಡ್ ಮಾತ್ರ. ಅಂಥ ಗಾಡಿಗೆ ಬುಡದ ಕೆಳಗೆ ಕನಿಷ್ಠ ಎರಡಡಿಗೆ ಎರಡಡಿಯ ತಗಡು ಕೂರಿಸಿ, ಅದರಿಂದ ಚಾಸಿಗೆ ದಪ್ಪ ವೈರ್ ಎಳೆಯಿರಿ. ತಗಡು ದೊಡ್ಡದಾದಷ್ಟೂ ಒಳ್ಳೆಯದು.

ಹಂತ 5: ಕೇಬಲ್

ತುಂಡಾದ ಆಂಟೆನಾ ಕೇಬಲ್ಲನ್ನು ಕರೆಂಟಿನ ವೈರಿನ ಹಾಗೆ ಹೊಸೆದು ಟೇಪ್ ಸುತ್ತಬೇಡಿ. ನಡುವಿನ ತಂತಿಯ ಸುತ್ತ ಹೆಣೆದ ತಂತಿ ಬಲೆ ಕಪ್ಪಗಾಗಿದ್ದರೆ ಅಥವಾ ಹಸಿರು ಹಿಡಿದಿದ್ದರೆ ಪೂರ್ತಿ ಬದಲಿಸಿ. ಉದ್ದ ಸಾಲದಿದ್ದರೆ ಗಾಡಿ ಆಂಟೆನಾದ್ದೇ ಎಕ್ಸ್‌ಟೆನ್ಷನ್ ತನ್ನಿ. ಮನೆಯಲ್ಲಿ ಉಳಿದ ಡಿಶ್ ಟಿವಿ ಕೇಬಲ್ ಹಾಕಿದರೆ ಎಫ್‌ಎಂ ಹೇಗೋ ನಡೆಯುತ್ತದೆ, ಎಎಂ ಸತ್ತುಹೋಗುತ್ತದೆ. ಎಎಂನಲ್ಲಿ ಕಡ್ಡಿ ಹಿಡಿಯುವ ಸಿಗ್ನಲ್ಲೇ ಚೂರು. ಅದನ್ನು ಆ ಕೇಬಲ್ ತನ್ನೊಳಗೇ ನುಂಗಿಬಿಡುತ್ತದೆ.

ನಡುವೆ ಒಂದು ಮಾತು, ಶಾರ್ಕ್ ಫಿನ್ ಬಗ್ಗೆ. ಮೀನಿನ ರೆಕ್ಕೆಯ ಹಾಗೆ ಟಾಪಿನ ಮೇಲೆ ಅಂಟಿಸುವುದು ಇದೆಯಲ್ಲ, ಅಗ್ಗಕ್ಕೆ ಸಿಗುವವುಗಳಲ್ಲಿ ಕೆಲವು ಬರೀ ಪ್ಲಾಸ್ಟಿಕ್. ಒಳಗೆ ಗಾಳಿ. ಒಳಗೆ ಬೂಸ್ಟರ್ ಇರುವುದಕ್ಕೂ 12 ವೋಲ್ಟ್ ಕೊಡಬೇಕು. ಸೆಟ್ಟಿನ ಹಿಂದಿನ ನೀಲಿ ವೈರ್ ಸಾಮಾನ್ಯವಾಗಿ ಇರುವುದೇ ಅದಕ್ಕೆ. ಅದನ್ನು ಜೋಡಿಸದೆ ಬಿಟ್ಟರೆ ಬೂಸ್ಟರ್ ಸಿಗ್ನಲ್ ಏರಿಸುವುದಿಲ್ಲ, ತಡೆಯುತ್ತದೆ. ಗಾಜಿಗೆ ಅಂಟಿಸುವ ಪಟ್ಟಿ ಆಂಟೆನಾಗಳೂ ನನಗೆ ಆಗಿಬರಲಿಲ್ಲ. ಕೆಲಸದ ಗಾಡಿಗೆ ಮುಕ್ಕಾಲು ಮೀಟರಿನ ಸಾದಾ ಉಕ್ಕಿನ ಕಡ್ಡಿಯೇ ರಾಜ. ಕೊಂಬೆ ಬಡಿದರೆ ಬಾಗುತ್ತದೆ, ನೆಟ್ಟಗೆ ಮಾಡಿದರೆ ಮತ್ತೆ ದುಡಿಯುತ್ತದೆ. ಅದನ್ನು ಲೋಡಿನ ಪಕ್ಕಕ್ಕೋ ಕಬ್ಬಿಣದ ಕ್ಯಾರಿಯರ್‌ಗೋ ಒರಗಿಸಿ ಕಟ್ಟಬೇಡಿ, ಅಷ್ಟೆ.

ಹಂತ 6: ಎಂಜಿನ್ ಸ್ಟಾರ್ಟ್ ಮಾಡಿದರೆ ಮಾತ್ರ ಸದ್ದಾ?

ಎಂಜಿನ್ ಆಫ್ ಇದ್ದಾಗ ಸೊಗಸು, ಸ್ಟಾರ್ಟ್ ಮಾಡಿದರೆ ಕುಂಯ್ ಅಂತ ರಾಗ, ಆಕ್ಸಿಲರೇಟರ್ ಒತ್ತಿದಷ್ಟೂ ರಾಗ ಮೇಲೇರುತ್ತದೆ. ಇದು ಡೈನಮೋ ಸದ್ದು. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಹಾಗಾಗಿ ಟಕಟಕ ಬರಬಾರದು. ಪೆಟ್ರೋಲ್ ಅಥವಾ ಸಿಎನ್‌ಜಿ ಮಿನಿ ಟ್ರಕ್ಕಿನಲ್ಲಿ ಟಕಟಕ ಬಂದರೆ ಪ್ಲಗ್ ಮತ್ತು ಅದರ ವೈರ್ ನೋಡಿ. ರೆಸಿಸ್ಟರ್ ಇರುವ ಪ್ಲಗ್ಗನ್ನೇ ಹಾಕಿ.

ಸದ್ದು ಬರುತ್ತಿರುವಾಗಲೇ ಆಂಟೆನಾ ಪ್ಲಗ್ ಕೀಳಿ. ಸದ್ದು ನಿಂತರೆ ಅದು ಆಂಟೆನಾ ದಾರಿಯಲ್ಲಿ ಬರುತ್ತಿದೆ, ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ. ನಿಲ್ಲದಿದ್ದರೆ ಕರೆಂಟಿನ ವೈರಿನಲ್ಲಿ ಬರುತ್ತಿದೆ. ಸೆಟ್ಟಿನ ಅರ್ಥ್ ವೈರನ್ನು ಕ್ಯಾಬಿನ್ ಕಬ್ಬಿಣಕ್ಕೆ ಗಟ್ಟಿಯಾಗಿ ಬಿಗಿಯಿರಿ, ಪ್ಲಸ್ ವೈರಿಗೆ ಒಂದು ನಾಯ್ಸ್ ಫಿಲ್ಟರ್ ಹಾಕಿ.

ಆದರೆ ಅದಕ್ಕೂ ಮುಂಚೆ ಮೊಬೈಲ್ ಚಾರ್ಜರ್ ಕಿತ್ತು ನೋಡಿ. ದಯವಿಟ್ಟು. ಫುಟ್‌ಪಾತ್ ಮೇಲೆ ಸಿಗುವ ಚಾರ್ಜರ್‌ಗಳು ಸಣ್ಣ ಜಾಮರ್ ಇದ್ದ ಹಾಗೆ. ಆಮೇಲೆ ಎಲ್‌ಇಡಿ ಬಾರ್, ಮಿಣಮಿಣ ಸೀರಿಯಲ್ ಲೈಟ್, ಡ್ಯಾಶ್ ಕ್ಯಾಮೆರಾ, ಒಂದೊಂದಾಗಿ ಆರಿಸಿ. ಜಿಪಿಎಸ್ ಟ್ರ್ಯಾಕರನ್ನು ಮಾತ್ರ ಕೀಳಬೇಡಿ, ಪರ್ಮಿಟ್ ತಕರಾರು ಬರಬಹುದು. ಅದರ ವೈರನ್ನು ಆಂಟೆನಾ ಕೇಬಲ್‌ನಿಂದ ದೂರ ಸರಿಸಿ.

ದೊಡ್ಡ ಲಾರಿಯವರಿಗೆ ಇನ್ನೊಂದು ತಲೆನೋವು. ಗಾಡಿ 24 ವೋಲ್ಟ್, ಸೆಟ್ 12 ವೋಲ್ಟ್. ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ವೈರ್ ಎಳೆಯುವುದು ನಮ್ಮಲ್ಲಿ ಹಳೆಯ ಚಾಳಿ. ಸದ್ದು ಬರುವುದಿಲ್ಲ ನಿಜ. ಆದರೆ ಆ ಬ್ಯಾಟರಿ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಇನ್ನೊಂದಕ್ಕೆ ಚಾರ್ಜ್ ಜಾಸ್ತಿಯಾಗುತ್ತದೆ. ಕೊನೆಗೆ ಎರಡೂ ಬೇಗ ಸಾಯುತ್ತವೆ. ಹಾಡು ಕೇಳಲು ಬ್ಯಾಟರಿ ಬಲಿ ಕೊಟ್ಟ ಹಾಗಾಯಿತು, ಅಲ್ವಾ? 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ. ಅದೂ ಸದ್ದು ಎಬ್ಬಿಸಬಲ್ಲದು, ಹಾಗಾಗಿ ಪ್ಲಾಸ್ಟಿಕ್ ಡಬ್ಬಿಯದು ಬೇಡ, ಲೋಹದ ಡಬ್ಬಿಯದು ತನ್ನಿ. ಸೆಟ್ಟಿನ ಬೆನ್ನಿಗೇ ಕಟ್ಟಬೇಡಿ, ಆದಷ್ಟು ದೂರ ಇಡಿ. ಅದರ ಎರಡು ವೈರ್‌ಗಳನ್ನು ಜಡೆಯ ಹಾಗೆ ಹೊಸೆಯಿರಿ. ಕನ್ವರ್ಟರ್ ಮೇಲೇ ಅನುಮಾನ ಇದ್ದರೆ ಸೆಟ್ಟನ್ನು ಸ್ವಲ್ಪ ಹೊತ್ತು ಒಂದು ಬೈಕ್ ಬ್ಯಾಟರಿಗೆ ಕೊಟ್ಟು ನೋಡಿ. ಸದ್ದು ಹೋದರೆ ಕಳ್ಳ ಸಿಕ್ಕಿದ.

ಎಲ್ಲ ಮಾಡಿದ ಮೇಲೂ ‘ಶಿರಾಡಿ ಘಾಟಿಯಲ್ಲಿ ಬರಲ್ಲ’ ಅಂತ ನನಗೆ ಫೋನ್ ಮಾಡಬೇಡಿ. ಎಫ್‌ಎಂ ಅಲೆ ಬೆಟ್ಟ ಹತ್ತಿ ಇಳಿಯುವುದಿಲ್ಲ, ಟವರ್ ಕಡೆಗೆ ಅಡ್ಡ ಇಲ್ಲದ ನೋಟ ಬೇಕು. ರಾತ್ರಿಯಾದರೆ ಎಎಂಗೆ ಹೋಗಿ. ಕತ್ತಲಾದ ಮೇಲೆ ಆ ಅಲೆ ಆಕಾಶಕ್ಕೆ ಬಡಿದು ದೂರಕ್ಕೆ ಬೀಳುತ್ತದೆ. 612ರಲ್ಲಿ ಬೆಂಗಳೂರು, 765ರಲ್ಲಿ ಧಾರವಾಡ ಹುಡುಕಿ. ಹಗಲಾದರೆ ಸೆಟ್ ಆರಿಸಿ ತಿರುವುಗಳ ಮೇಲೆ ಕಣ್ಣಿಡಿ. ಘಾಟಿ ಇಳಿದು ಮಂಗಳೂರು ಹತ್ತಿರವಾದ ಮೇಲೆ 100.3 ಒತ್ತಿ.