ಕಸಿ ಬೆಂಗಳೂರಲ್ಲಿ, ಕಾಯುವುದು ಕೊಡಗಲ್ಲಿ

ನಾನು ಮಡಿಕೇರಿಯಲ್ಲಿ ಫಿಸಿಶಿಯನ್. ಕಿಡ್ನಿ ಕಸಿ ನಾನು ಮಾಡುವುದಿಲ್ಲ. ಅದಕ್ಕೆ ನಮ್ಮವರು ಮೈಸೂರು, ಮಂಗಳೂರು ಅಥವಾ ಬೆಂಗಳೂರಿಗೆ ಹೋಗುತ್ತಾರೆ. ಆದರೆ ಕಸಿ ಆದವರು ವಾಪಸ್ ಬರುವುದು ವಿರಾಜಪೇಟೆ, ಸೋಮವಾರಪೇಟೆಯ ತಮ್ಮ ಮನೆಗೇ ಅಲ್ವಾ? ಜ್ವರ ಬಂದರೆ, ಕಾಲು ಊದಿದರೆ ಮೊದಲು ಬರುವುದು ನಮ್ಮಂಥವರ ಹತ್ತಿರ. ಹೊಸ ಕಿಡ್ನಿ ಎಷ್ಟು ವರ್ಷ ಬಾಳುತ್ತದೆ ಅನ್ನುವುದರಲ್ಲಿ ಊರಿನ ಡಾಕ್ಟರ ಪಾಲು ದೊಡ್ಡದು. ಇದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ.

ಓದುವ ಕಾಲದಲ್ಲಿ ನನ್ನನ್ನು ಹಿಡಿದಿಟ್ಟದ್ದು ಅಮೆರಿಕದ ಡಾಕ್ಟರ್ ಜಾನ್ ಮೆರಿಲ್ ಅವರ ಕೆಲಸ. 1954ರ ಡಿಸೆಂಬರ್ 23ರಂದು ಬಾಸ್ಟನ್‌ನ ಪೀಟರ್ ಬೆಂಟ್ ಬ್ರಿಗಂ ಆಸ್ಪತ್ರೆಯಲ್ಲಿ ರೊನಾಲ್ಡ್ ಹೆರಿಕ್ ಅವರ ಒಂದು ಕಿಡ್ನಿಯನ್ನು ಅವಳಿ ಸಹೋದರ ರಿಚರ್ಡ್‌ಗೆ ಕಸಿ ಮಾಡಿದರು. ಬಹುಕಾಲ ನಿಂತ ಮೊದಲ ಕಿಡ್ನಿ ಕಸಿ ಅದು. ಆ ಕಸಿ ಮಾಡಿದ ಸರ್ಜನ್ ಜೋಸೆಫ್ ಮರ್ರೆ ಅವರಿಗೆ 1990ರಲ್ಲಿ ನೊಬೆಲ್ ಬಂತು. ಮೆರಿಲ್ 1984ರಲ್ಲೇ ತೀರಿಕೊಂಡಿದ್ದರು. ಅವರು ಕತ್ತರಿ ಹಿಡಿದವರಲ್ಲ, ಆ ತಂಡದ ಫಿಸಿಶಿಯನ್. ಅಣ್ಣತಮ್ಮಂದಿರು ತದ್ರೂಪಿ ಅವಳಿಗಳೇ ಹೌದಾ ಎಂದು ತಿಳಿಯಲು ಒಬ್ಬರ ಚರ್ಮದ ತುಣುಕನ್ನು ಇನ್ನೊಬ್ಬರ ಮೇಲೆ ಕೂರಿಸಿ ಕಾದರು. ಅದು ಹಿಡಿದುಕೊಂಡ ಮೇಲೆಯೇ ಮುಂದಿನ ಹೆಜ್ಜೆ. ಇನ್ನೊಂದು ವಿಷಯ: ಈ ರೋಗಿಗೆ ಅವಳಿ ಇದ್ದಾನೆ, ಕಸಿ ಆಗಬಹುದೇ ಎಂದು ಮೆರಿಲ್ ಅವರ ಮುಂದೆ ಮಾತೆತ್ತಿದ್ದು ಬೇರೆ ಆಸ್ಪತ್ರೆಯಲ್ಲಿ ರಿಚರ್ಡ್‌ನನ್ನು ನೋಡುತ್ತಿದ್ದ ಡಾಕ್ಟರ್ ಡೇವಿಡ್ ಮಿಲ್ಲರ್. ನನಗೆ ಹೆಚ್ಚು ಹತ್ತಿರ ಅನ್ನಿಸುವುದು ಇವರೇ. ನಾನೂ ರೋಗಿಯನ್ನು ಕಳಿಸುವವನು ತಾನೇ.

ಭಾರತದಲ್ಲಿ ಕಿಡ್ನಿ ಕಸಿ ಮೊದಲು ಯಶಸ್ವಿಯಾದದ್ದು 1971ರಲ್ಲಿ, ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ.

ತದ್ರೂಪಿ ಅವಳಿಯ ಕಿಡ್ನಿಯನ್ನು ಮೈ ತನ್ನದೇ ಅಂದುಕೊಳ್ಳುತ್ತದೆ. ನಮ್ಮವರ ವಿಷಯ ಹಾಗಲ್ಲ. ಹೆತ್ತ ತಾಯಿ ಕೊಟ್ಟ ಕಿಡ್ನಿಯಾದರೂ ಮೈ ಅದನ್ನು ಹೊರಗಿನದು ಎಂದೇ ನೋಡುತ್ತದೆ. ಅದಕ್ಕೆ ಕಿಡ್ನಿ ಇರುವವರೆಗೂ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್‌ನಂಥ, ಮೈ ಅದನ್ನು ತಿರಸ್ಕರಿಸದಂತೆ ತಡೆಯುವ ಔಷಧಿ ಬೇಕು. ಕಿಡ್ನಿ ತಿರಸ್ಕಾರ ಶುರುವಾದಾಗ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಕಿಡ್ನಿ ಸರಿಯಾಗಿ ಸೋಸದಿದ್ದಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರಿದಾಗಲೇ ಗೊತ್ತಾಗುವುದು. "ಚೆನ್ನಾಗಿದ್ದೀನಿ ಡಾಕ್ಟ್ರೇ" ಅಂದವರಿಗೂ ನಾನು ರಕ್ತ ಪರೀಕ್ಷೆ ಬಿಡುವುದಿಲ್ಲ. ಟ್ಯಾಕ್ರೊಲಿಮಸ್ ಮಟ್ಟ ನೋಡಲು ಬೆಳಗಿನ ಮಾತ್ರೆಗೆ ಮೊದಲೇ ರಕ್ತ ತೆಗೆಯಬೇಕು, ಹಿಂದಿನ ರಾತ್ರಿಯ ಮಾತ್ರೆಯಿಂದ ಸುಮಾರು 12 ಗಂಟೆ ಆಗಿರಬೇಕು. ಮಾತ್ರೆ ನುಂಗಿ ಬಸ್ ಹತ್ತಿದರೆ ಆ ರಿಪೋರ್ಟಿಗೆ ಬೆಲೆಯಿಲ್ಲ. ಆದ್ದರಿಂದ ದೂರದಿಂದ ಬರುವವರಿಗೆ ರಾತ್ರಿಯ ಮಾತ್ರೆಯ ಹೊತ್ತನ್ನೇ ಬಸ್ಸಿನ ಹೊತ್ತಿಗೆ ಹೊಂದಿಸಿಕೊಡುತ್ತೇನೆ.

ನಮ್ಮ ಊರಿಗೇ ಅಂತ ಕೆಲವು ಮಾತುಗಳಿವೆ. ದೊಡ್ಡ ಆಸ್ಪತ್ರೆಯ ಚೀಟಿಯಲ್ಲಿ ಗ್ರೇಪ್‌ಫ್ರೂಟ್ ತಿನ್ನಬೇಡಿ ಎಂದಿರುತ್ತದೆ. ಆ ಹಣ್ಣು ಇಲ್ಲಿ ಯಾರ ಮನೆಯಲ್ಲಿದೆ? ಅದರ ಬಳಗದ ಚಕ್ಕೋತ ಮಾತ್ರ ಹಿತ್ತಲಲ್ಲೇ ಸಿಗುತ್ತದೆ. ಅದೂ ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸಬಲ್ಲದು. ಹಾಗಾಗಿ ಚಕ್ಕೋತ ಬೇಡ ಎಂದು ಹೆಸರು ಹಿಡಿದೇ ಹೇಳುತ್ತೇನೆ. ಪಂದಿ ಕರಿ ಚೆನ್ನಾಗಿ ಬೆಂದಿದ್ದರೆ, ಬಿಸಿಯಾಗಿದ್ದರೆ ಸ್ವಲ್ಪ ತಿನ್ನಲಿ.

ಕಕ್ಕಡ ತಿಂಗಳ ಹದಿನೆಂಟನೇ ದಿನ ಕೊಡಗಿನ ಮನೆಗಳಲ್ಲಿ ಪಾಯಸ ಮಾಡುವ ಮದ್ದು ಸೊಪ್ಪಿನ ವಿಷಯವೇ ಕಷ್ಟದ್ದು. ಒಬ್ಬ ಅಜ್ಜಿ ಕೇಳಿದರು, "ಒಂದು ಚೂರು ಪಾಯಸ ಕೊಟ್ರೆ ಏನಾಗುತ್ತೆ ಡಾಕ್ಟ್ರೇ, ವರ್ಷಕ್ಕೊಂದೇ ದಿನ ಅಲ್ವಾ?" ನಾನಂದೆ, "ಅಜ್ಜಿ, ಮನೆಯವರೆಲ್ಲ ತಿನ್ನಿ, ಮೊಮ್ಮಗನಿಗೆ ಮಾತ್ರ ಬೇರೆ ಪಾಯಸ ಮಾಡಿ." ಆ ಸೊಪ್ಪು ತಿಂದರೆ ಮೂತ್ರ ಕೆಂಪಾಗುತ್ತದೆ, ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ಕಸಿ ಆದವರಲ್ಲಿ ಕೆಂಪು ಬಣ್ಣ ರಕ್ತವೂ ಆಗಿರಬಹುದು. ಸೊಪ್ಪಿನದೇ ಬಣ್ಣ ಅಂತ ಸುಮ್ನೆ ಕೂತರೆ ನಿಜವಾದ ತೊಂದರೆ ಕೈತಪ್ಪಿ ಹೋಗುತ್ತದೆ.

ಮಳೆಗಾಲಕ್ಕೆ ತಯಾರಿ ಮೇ ತಿಂಗಳಲ್ಲೇ ಶುರು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಪಾಜೆ ಕಡೆಯ ದಾರಿ ಮುಚ್ಚಿದ್ದನ್ನು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ. ಒಂದು ತಿಂಗಳ ಮಾತ್ರೆ ಜಾಸ್ತಿಯೇ ಮನೆಯಲ್ಲಿರಲಿ. ಟ್ಯಾಕ್ರೊಲಿಮಸ್‌ಗೆ ಫ್ರಿಜ್ ಬೇಡ, ಕರೆಂಟ್ ಹೋದರೂ ಚಿಂತೆಯಿಲ್ಲ. ಆದರೆ ತೇವ ಆಗದು. ನಮ್ಮ ಆಷಾಢದ ಗಾಳಿಯಲ್ಲಿ ಉಪ್ಪೂ ನೀರಾಗುತ್ತದೆ. ಕ್ಯಾಪ್ಸೂಲನ್ನು ಬಿಡಿಸಿ ಡಬ್ಬಿಗೆ ತುಂಬಬೇಡಿ, ಕಂಪನಿ ಕೊಟ್ಟ ಪ್ಯಾಕಿನಲ್ಲೇ ಇಡಿ.

ಕಸಿ ಆದ ತೋಟದ ಕೆಲಸದವರಿಗೆ ಇಲಿ ಮೂತ್ರ ಬೆರೆತ ಕೆಸರಿನಿಂದ ಬರುವ ಇಲಿಜ್ವರದ ಭಯ ಬೇರೆ. ತೋಟದ ಕೂಲಿಯವರ ಲೈನ್‌ಮನೆಯಿಂದ ಬರುವವರಿಗೆ ಗಾಯ ಇದ್ದಾಗ ಕೆಸರಿಗೆ ಇಳಿಯಬೇಡಿ, ಬೂಟು ಹಾಕಿ ಎನ್ನುತ್ತೇನೆ. ಕೂಲಿ ಬಿಟ್ಟು ಕೂರಲು ಆಗದವರಿಗೆ ಇದನ್ನು ಹೇಳುವಾಗ ಮನಸ್ಸಿಗೆ ನೋವಾಗುತ್ತದೆ. ಬೂಟು ಕೊಡಿಸಿ, ಒಣ ಜಾಗದ ಕೆಲಸ ಕೊಡಿ ಎಂದು ತೋಟದ ಮಾಲೀಕರಿಗೆ ನಾನೇ ಫೋನ್ ಮಾಡಿದ್ದುಂಟು.

ಜಿಲ್ಲೆಯ ಡಾಕ್ಟರ್ ಗೆಳೆಯರಲ್ಲಿ ನನ್ನದೊಂದು ಕೋರಿಕೆ ಇದೆ. ಮೈಕೈ ನೋವು ಎಂದು ಬಂದವರಿಗೆ ಕಿಡ್ನಿಗೆ ಹಾನಿ ಮಾಡಬಲ್ಲ ನೋವಿನ ಮಾತ್ರೆ ಡೈಕ್ಲೊಫಿನಾಕ್ ಬರೆಯುವ ಮೊದಲು ಕಸಿ ಆಗಿದೆಯಾ ಎಂದು ಕೇಳಿ. ಆ್ಯಂಟಿಬಯೋಟಿಕ್ ಆದ ಕ್ಲಾರಿಥ್ರೊಮೈಸಿನ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಕೊಟ್ಟರೆ ಟ್ಯಾಕ್ರೊಲಿಮಸ್ ಮಟ್ಟ ಏರುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಅದನ್ನು ಇಳಿಸಿಬಿಡುತ್ತದೆ, ಕಿಡ್ನಿಯೇ ಹೋಗಬಹುದು. ಇವುಗಳಲ್ಲಿ ಯಾವುದನ್ನೇ ಬರೆಯುವ ಮೊದಲು ಕಸಿ ಮಾಡಿದ ಆಸ್ಪತ್ರೆಗೆ ಒಂದು ಫೋನ್ ಮಾಡಿ.