ಬಯಲು ಕಛೇರಿಯ ಸಾಕ್ಷ್ಯಚಿತ್ರ: ಮೊದಲು ಶಬ್ದ, ಆಮೇಲೆ ಕ್ಯಾಮೆರಾ

ಸಂಗೀತೋತ್ಸವದ ಸಾಕ್ಷ್ಯಚಿತ್ರ ಕೆಡುವುದು ಹೆಚ್ಚಾಗಿ ಶಬ್ದದಿಂದ. ಚಿತ್ರ ಕ್ಷಣಕಾಲ ಮಸುಕಾದರೆ ಬೇರೆ ಕ್ಯಾಮೆರಾದ ಶಾಟ್ ಹಾಕಿ ಮುಚ್ಚಬಹುದು. ಆಲಾಪನೆಯ ನಡುವೆ ಎರಡು ಸೆಕೆಂಡು ಶಬ್ದ ಹೋದರೆ ಆ ಭಾಗವೇ ಹೋಯಿತು. ಮೈಸೂರು ದಸರಾದಲ್ಲಿ ಅರಮನೆಯ ಮುಂದೆ ನಡೆಯುವ ಕಛೇರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇವೆ. ಬೇರೆ ಬಯಲಿಗೂ ಇದೇ ಲೆಕ್ಕ.

ಎಲ್ಲ ಮೈಕ್‌ಗಳ ಶಬ್ದ ಬೆರೆಸುವ ಮಿಕ್ಸರ್‌ನಿಂದ ಬರುವ ಎರಡು ತಂತಿಯ (ಎಡ, ಬಲ) ಶಬ್ದವನ್ನಷ್ಟೇ ನಂಬಬೇಡಿ. ಅದು ಮೈದಾನದ ಸ್ಪೀಕರ್‌ಗಾಗಿ ಹದ ಮಾಡಿದ್ದು. ಡೊಳ್ಳಿನಂಥ ಜೋರು ವಾದ್ಯ ತಾನಾಗಿಯೇ ಕೇಳಿಸುವುದರಿಂದ ಅದನ್ನು ಮಿಕ್ಸರ್‌ನಲ್ಲಿ ಇಳಿಸಿರುತ್ತಾರೆ. ನಿಮ್ಮ ರೆಕಾರ್ಡಿಂಗ್‌ನಲ್ಲಿ ಡೊಳ್ಳು ಎಲ್ಲೋ ದೂರದಲ್ಲಿ ಬಡಿದ ಹಾಗಿರುತ್ತದೆ. ಡಿಜಿಟಲ್ ಮಿಕ್ಸರ್ ಇದ್ದರೆ ಪ್ರತಿ ಮೈಕ್ ಬೇರೆ ಬೇರೆ ಟ್ರ್ಯಾಕ್ ಆಗಿ ಬರುವಂತೆ ಮೊದಲೇ ಕೇಳಿಕೊಳ್ಳಿ. ರೆಕಾರ್ಡಿಂಗ್ ಗುಣಮಟ್ಟ 48 ಕಿಲೋಹರ್ಟ್ಸ್, 24 ಬಿಟ್ ಇದ್ದರೆ ಸಾಕು. ಜೋರು ಭಾಗವೂ ಮೀಟರ್‌ನಲ್ಲಿ ಮೈನಸ್ 12 ಡೆಸಿಬೆಲ್ ದಾಟದಿರಲಿ. ಗುಂಯ್ ಎಂಬ ಸದ್ದು ಬಂದರೆ ಅದು ಸಾಮಾನ್ಯವಾಗಿ ಅರ್ತಿಂಗ್ ತೊಂದರೆ: ತಂತಿಯ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ, ದೀಪದ ಲೈನಿನಿಂದ ಕರೆಂಟ್ ತೆಗೆದುಕೊಳ್ಳಬೇಡಿ.

ಇದರ ಜೊತೆಗೆ ಸಭಿಕರ ಕಡೆಗೆ ತಿರುಗಿಸಿದ ಎರಡು ಮೈಕ್ ಬೇಕೇ ಬೇಕು. ಚಪ್ಪಾಳೆ, 'ಭೇಷ್' ಎನ್ನುವ ದನಿ ಇಲ್ಲದಿದ್ದರೆ ಬಯಲು ಕಛೇರಿ ಸ್ಟುಡಿಯೋದಲ್ಲಿ ಹಾಡಿದಂತೆ ಕೇಳಿಸುತ್ತದೆ. ಗಾಳಿಗೆ ಬರೀ ಸ್ಪಂಜು ಸಾಲದು, ತುಪ್ಪಳದ ಕವಚ ಹಾಕಿ.

ಇಲ್ಲಿ ಬಹಳ ಜನ ಎಡವುವ ಒಂದು ಸಂಗತಿ ಇದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಸ್ಪೀಕರ್‌ನಿಂದ 34 ಮೀಟರ್ ಹಿಂದಿರುವ ಕ್ಯಾಮೆರಾದ ಮೈಕಿಗೆ ಅದು 0.1 ಸೆಕೆಂಡು ತಡವಾಗಿ ಮುಟ್ಟುತ್ತದೆ. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಎರಡೂವರೆ ಫ್ರೇಮ್. ಆ ಶಬ್ದ ನೋಡಿ ಚಿತ್ರ ಜೋಡಿಸಿದರೆ ಮೃದಂಗದ ಪೆಟ್ಟು ಬೆರಳಿಗೆ ಹೊಂದುವುದಿಲ್ಲ. ಎಲ್ಲ ಕ್ಯಾಮೆರಾಕ್ಕೂ ರೆಕಾರ್ಡರ್‌ಗೂ ಟೈಮ್‌ಕೋಡ್ (ಎಲ್ಲದರಲ್ಲೂ ಒಂದೇ ಗಡಿಯಾರದ ಗುರುತು) ಕೊಡಿ. ಅದಿಲ್ಲವೆಂದರೆ ಆರಂಭದಲ್ಲೂ ಕೊನೆಯಲ್ಲೂ ಎಲ್ಲ ಕ್ಯಾಮೆರಾಕ್ಕೆ ಕಾಣುವಂತೆ ಕ್ಲ್ಯಾಪ್ ಹೊಡೆಯಿರಿ.

ನಾಲ್ಕು ಕ್ಯಾಮೆರಾ ಸಾಕು. ಮಿಕ್ಸರ್ ಪಕ್ಕದ ಎತ್ತರದ ಅಟ್ಟದ ಮೇಲೆ ಒಂದು: ಇಡೀ ವೇದಿಕೆ ಹಿಡಿದು ನಿಲ್ಲಲಿ, ಯಾವ ಕಾರಣಕ್ಕೂ ಆಫ್ ಮಾಡಬೇಡಿ. ಎಡಕ್ಕೊಂದು, ಬಲಕ್ಕೊಂದು. ನಾಲ್ಕನೆಯದು ಕೈಯಲ್ಲಿ, ಜನರ ನಡುವೆ. ಪಕ್ಕದ ಎರಡು ಕ್ಯಾಮೆರಾ ನಿಲ್ಲಿಸುವ ಮುನ್ನ ಕಲಾವಿದರು ಕೂರುವ ಕ್ರಮ ಕೇಳಿ. ಮೃದಂಗದವರು ಎಡಗೈಯವರಾದರೆ ಪಿಟೀಲಿನವರ ಜಾಗವೂ ಅದಲುಬದಲಾಗುತ್ತದೆ. ತನಿ ಆವರ್ತನ (ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ಶುರುವಾದಾಗ ಕ್ಯಾಮೆರಾ ಹೊತ್ತು ಓಡುವುದು ಯಾರಿಗೂ ಬೇಡ. ತನಿಯಲ್ಲಿ ಬೆರಳುಗಳನ್ನು ತುಂಬಿಸಿ ಹಿಡಿಯಿರಿ, ಆದರೆ ನಡುನಡುವೆ ತಾಳ ಹಾಕುವ ಕೈಗಳಿಗೂ ಹೋಗಿ: ಹಾಡುವವರದ್ದು, ಮುಂದಿನ ಸಾಲಿನ ಅಜ್ಜಿಯದ್ದು. ಪ್ರತಿ ಶಾಟ್ ಕನಿಷ್ಠ 10 ಸೆಕೆಂಡು ಅಲುಗದಿರಲಿ.

ಕತ್ತಲಾದ ಮೇಲೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ) ಆಟೋದಲ್ಲಿದ್ದರೆ ಗಾಯಕರ ಮುಖ ಆ ಕ್ಷಣವೇ ಕಪ್ಪಾಗುತ್ತದೆ. ಮ್ಯಾನ್ಯುಯಲ್‌ನಲ್ಲಿಟ್ಟು ಮುಖಕ್ಕೆ ಹೊಂದಿಸಿ. ಬಲ್ಬಿನ ಚುಕ್ಕೆ ಬೆಳ್ಳಗಾದರೆ ಆಗಲಿ. ಇಡೀ ವೇದಿಕೆ ಹಿಡಿದಿರುವ ವೈಡ್ ಕ್ಯಾಮೆರಾ ಮಾತ್ರ ದೀಪ ಹೊತ್ತುವ ಗಳಿಗೆಗೆಂದು ಒಂದು ಸ್ಟಾಪ್ (ಬೆಳಕು ಅರ್ಧಕ್ಕೆ) ಇಳಿಸಿಕೊಂಡು ಕಾಯಲಿ. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ 25 ಫ್ರೇಮ್, 1/50 ಶಟರ್ ಇಟ್ಟರೆ ದೀಪ ಮಿಣುಕುವುದು ತಪ್ಪುತ್ತದೆ. ಎಲ್‌ಇಡಿ ಪರದೆಯನ್ನು ಮಾತ್ರ ಹಿಂದಿನ ದಿನವೇ ಪರೀಕ್ಷಿಸಿ. ದಸರೆಯ ಹೊತ್ತಿಗೆ ಮಳೆ ಪೂರ್ತಿ ಹೋಗಿರುವುದಿಲ್ಲ, ಮಳೆ ಕವರ್ ಕ್ಯಾಮೆರಾ ಪಕ್ಕದಲ್ಲೇ ಇರಲಿ.

ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ಚಿತ್ರ ಗಂಟೆಗೆ 45 ಜಿಬಿ ನುಂಗುತ್ತದೆ. ನಾಲ್ಕು ಕ್ಯಾಮೆರಾ, ಮೂರು ಗಂಟೆ ಎಂದರೆ ದಿನಕ್ಕೆ 540 ಜಿಬಿ. ಎರಡು ಹಾರ್ಡ್‌ಡಿಸ್ಕಿಗೆ ಕಾಪಿಯಾಗಿ, ತೆರೆದು ನೋಡುವ ತನಕ ಯಾವ ಕಾರ್ಡನ್ನೂ ಅಳಿಸಬೇಡಿ.

ಅನುಮತಿ ಪತ್ರಕ್ಕೆ ಪಕ್ಕವಾದ್ಯದವರ ಸಹಿಯನ್ನೂ ಹಾಕಿಸಿ. ದಾಸರ ಪದಕ್ಕೆ ಕಾಪಿರೈಟ್ ಇಲ್ಲ, ಆದರೆ ಅವತ್ತು ಹಾಡಿದ್ದು, ನುಡಿಸಿದ್ದು ಕಲಾವಿದರ ಹಕ್ಕು. ನಮ್ಮ ಕಾನೂನಿನಲ್ಲಿ ಅದು 50 ವರ್ಷ ಇರುತ್ತದೆ. ಸಿನಿಮಾ ಹಾಡಾದರೆ ಅದರ ಹಕ್ಕುದಾರರ ಒಪ್ಪಿಗೆಯೂ ಬೇಕು.

ಮಂಗಳ ಹಾಡಿದ ಮೇಲೂ ರೆಕಾರ್ಡರ್ ಐದು ನಿಮಿಷ ಓಡಲಿ. ಜನ ಏಳುವ, ಕುರ್ಚಿ ಎಳೆಯುವ, ಮಕ್ಕಳನ್ನು ಕರೆಯುವ ಆ ಸದ್ದೇ ಎರಡು ಹಾಡುಗಳ ನಡುವಿನ ಸಂದು ಮುಚ್ಚಲು ಬೇಕಾಗುತ್ತದೆ.